ಗಾಳಿ ಬರಲಿ ಎಂದು ದೊಡ್ಡದಾದ ಕಿಟಕಿ

ಬುಧವಾರ, ಇನ್ನೂ ಬೆಳಗಾಗಿಲ್ಲ

ನನ್ನ ಅಕ್ಕಾ,

ಎರಡೂವರೆಗೆ ಎಚ್ಚರವಾಯಿತು. ಬಾಲ್ಕನಿಯಲ್ಲಿ ತಗಡಿನ ಡಬ್ಬಿ ಟಕ್ ಎಂದಿತು. ಪಾಪು ಮಿಸುಕಲಿಲ್ಲ, ಇವರ ಗೊರಕೆ ತಾಳ ತಪ್ಪಲಿಲ್ಲ, ನಾನೊಬ್ಬಳು ಮಾತ್ರ ಎದ್ದು ಕೂತೆ. ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಹೋಗಿ ಮುಚ್ಚಳ ಮುಟ್ಟಿದೆ. ತಣ್ಣಗಿತ್ತು. ತೆರೆದರೆ ಒಳಗೆ ರಟ್ಟಿನ ಮನೆಗಳು ಒಂದರ ಮೇಲೊಂದು ಒರಗಿ ನಿದ್ದೆಹೋಗಿದ್ದವು. ಚಳಿಗೆ ತಗಡು ಹಾಗೆ ಸದ್ದು ಮಾಡುತ್ತದೆ ಎಂದು ನೀನೇ ಹೇಳಿದ್ದೆ. ಗೊತ್ತಿದ್ದೂ ಒಂದೊಂದು ಮನೆಯನ್ನೂ ಎತ್ತಿ ಮೂಸಿದೆ, ಪಾಪುವಿನ ನೆತ್ತಿ ಮೂಸುವ ಹಾಗೆ.

ನೀನು ಕಾರ್ಖಾನೆಯ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋಗುವವಳು, ಅದಕ್ಕೇ ಈ ಕಾಗದ. ರಸ್ತೆ ದಾಟಿ ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿ ಓಡಿ ಬರುತ್ತೇನೆ. ರಾತ್ರಿ ಪಾಳಿ ಮುಗಿಸಿ ಐದಕ್ಕೆ ಬಂದಾಗ ಕಾಲಿಗೆ ಸಿಗುತ್ತದೆ.

ಇವರನ್ನು ಬಂದರಿಗೆ ಕರೆದೊಯ್ಯುವ ಗಾಡಿ ಆರಕ್ಕೆ ಬರುತ್ತದೆ. ಹಡಗಿನ ಅಡುಗೆಮನೆ ಸೇರಿಕೊಂಡರೆ ಮೂರು ತಿಂಗಳು ಇವರಿಗೆ ದಡವಿಲ್ಲ, ನನಗೆ ಇವರಿಲ್ಲ. ನಿನ್ನೆ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದರು: "ಒಬ್ಬಳೇ ನಿಭಾಯಿಸ್ತೀಯಾ? ಆಗಲ್ಲ ಅಂದ್ರೆ ಹೇಳು, ಈ ಹಡಗು ಬಿಡ್ತೀನಿ. ಮುಂದಿನದು ಬರುತ್ತೆ." ಪಾಪುವಿಗಿಂತ ನಿಮ್ಮನ್ನು ನಿಭಾಯಿಸುವುದೇ ಕಷ್ಟ, ಹೊರಡಿ ಎಂದೆ. ನಕ್ಕರು. ನಕ್ಕರು ಅಂದರೆ ನಂಬಿದರು ಎಂದೇ ಅರ್ಥ.

ತೊಟ್ಟಿಲ ಮೇಲೆ ತೂಗುಹಾಕಲು ಒಂದು ಬೀದಿ ಮಾಡುತ್ತಿದ್ದೆನಲ್ಲ, ಅದು ಮುಗಿಯಿತು. ನೀನು ಪೆಟ್ಟಿಗೆ ಕಾರ್ಖಾನೆಯಿಂದ ತಂದುಕೊಟ್ಟ ಚೂರುಗಳಲ್ಲಿ ಮಿರುಗುವ ಪ್ಲಾಸ್ಟಿಕ್ ಅಂಟಿದ್ದನ್ನೆಲ್ಲ ಆರಿಸಿ ಎಸೆದೆ, ಅದರ ಹೊಗೆ ವಿಷ ಎಂದಿದ್ದೆಯಲ್ಲ. ಪಾಪು ಮಲಗುವ ಕೋಣೆಯ ಬಾಗಿಲು ಹಾಕಿ, ಹೊಗೆ ಕೊಳವೆಯನ್ನು ಕಿಟಕಿಯಿಂದ ಆಚೆ ಬಿಟ್ಟು, ನೀರಿನ ಸ್ಪ್ರೇ ಬಾಟಲಿ ಪಕ್ಕದಲ್ಲಿಟ್ಟು, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೊಂಡೇ ರಟ್ಟು ಕತ್ತರಿಸುವ ಲೇಸರ್ ಯಂತ್ರ ಹಚ್ಚುತ್ತಿದ್ದೆ. ಒಂದೇ ಸಲ ನಿಧಾನವಾಗಿ ಸುಡದೆ ಬೇಗಬೇಗ ಎರಡು ಸಲ ಓಡಿಸುತ್ತಿದ್ದೆ. ಅಂಚು ಕಪ್ಪಾಗದೆ ಬಿಸ್ಕತ್ತಿನ ಬಣ್ಣಕ್ಕೇ ನಿಲ್ಲುತ್ತಿತ್ತು.

ಆ ಕನ್ನಡಕದೊಳಗಿನ ಲೋಕ ಎಷ್ಟು ಚೆನ್ನ, ಅಕ್ಕಾ. ಮಟಮಟ ಮಧ್ಯಾಹ್ನವೂ ಸಂಜೆಯೇ. ಗೋಡೆ, ಒಣಗಲು ಹಾಕಿದ ಪಾಪುವಿನ ಬಟ್ಟೆ, ನನ್ನ ಕೈ, ಎಲ್ಲ ಜೇನಿನಲ್ಲಿ ಅದ್ದಿದಂತೆ. ರಟ್ಟಿಗೆ ಉರಿ ಹತ್ತದಂತೆ ಗಾಳಿ ಊದುವ ಪಂಪು ಗುಂಯ್ ಎನ್ನುತ್ತದೆ, ಬಾಗಿಲಾಚೆ ಪಾಪು ಆ ಜೋಗುಳಕ್ಕೆ ಕಣ್ಣು ಮುಚ್ಚುತ್ತಾಳೆ. ಯಂತ್ರದ ಪೆಟ್ಟಿಗೆಯೊಳಗೆ ಒಂದು ಚುಕ್ಕಿ ಬೆಳಕು ದಾರಿ ಮರೆತ ಮಿಣುಕುಹುಳದ ಹಾಗೆ ಓಡಾಡುತ್ತದೆ. ಅದು ಹಾದುಹೋದಲ್ಲೆಲ್ಲ ಕಿಟಕಿಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಯಾರೋ ಒಳಗಿನಿಂದ ತೆರೆದ ಹಾಗೆ. ಆ ಮನೆಗಳಲ್ಲಿ ಎಲ್ಲರೂ ಮಲಗಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಅಸೂಯೆಯೂ ಆಗುತ್ತಿತ್ತು.

ಬೀದಿಯ ಕೊನೆಯ ಮನೆ ನಮ್ಮದೇ. ಮೂರು ಕಿಟಕಿ, ಮೂವರಿಗೆ. ಅದನ್ನು ಮಾತ್ರ ತೂಗುಹಾಕದೆ ಇವರ ಚೀಲಕ್ಕೆ ಹಾಕಬೇಕೆಂದಿದ್ದೆ. ಮೂರನೆಯ ಕಿಟಕಿ ಕತ್ತರಿಸುವಾಗ ಸ್ವಲ್ಪ ಆಚೆ ನೋಡಿದೆ, ಅಷ್ಟರಲ್ಲಿ ಒಂದು ಅಂಚು ಸುಟ್ಟಿತು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದೆ, ನೀರು ಚಿಮುಕಿಸಿದೆ, ಆಯಿತು. ಕತ್ತರಿಯಲ್ಲಿ ಕಪ್ಪನ್ನು ತೆಗೆದೆ. ನೀನು ಹೇಳಿಕೊಟ್ಟಂತೆ, ರಟ್ಟಿನ ಹೊಟ್ಟೆಯ ಅಲೆಗಳೊಳಗೆ ಕಿಡಿ ಅಡಗಿ ಕೂತಿದ್ದೀತೆಂದು, ಬೀದಿಯನ್ನೆಲ್ಲ ತಗಡಿನ ಡಬ್ಬಿಯಲ್ಲಿಟ್ಟು ಬಾಲ್ಕನಿಯ ಬರಿನೆಲದ ಮೇಲೆ ಇರಿಸಿದೆ.

ಸಂಜೆ ಇವರು ಮುಚ್ಚಳ ತೆಗೆದು ನೋಡಿದರು. ನಮ್ಮ ಮನೆಯನ್ನು ಅಂಗೈ ಮೇಲಿಟ್ಟುಕೊಂಡು, "ಇದೊಂದು ಕಿಟಕಿ ಯಾಕೆ ಇಷ್ಟು ದೊಡ್ಡದು?" ಎಂದರು.

"ಗಾಳಿ ಬರಲಿ ಅಂತ," ಎಂದೆ.

"ಹಾಗಾದ್ರೆ ಅದು ನನ್ನ ಕಿಟಕಿ. ಹಡಗಿನ ಒಲೆ ಮುಂದೆ ಬೇಯೋನು ನಾನು ತಾನೆ," ಎಂದರು. ಬೆಳಿಗ್ಗೆ ಚೀಲದಲ್ಲಿಡು ಎಂದು ಮತ್ತೆ ಡಬ್ಬಿಗೇ ಹಾಕಿದರು.

ನಾನು ಕೇಳಬೇಕೆಂದದ್ದು ಇಷ್ಟೇ. ಮಧ್ಯಾಹ್ನ ಸುಟ್ಟ ರಟ್ಟು, ರಾತ್ರಿಯೆಲ್ಲ ತಣ್ಣಗಿದ್ದದ್ದು, ಬಟ್ಟೆಗಳ ನಡುವೆ ಇಟ್ಟರೆ ಏನೂ ಆಗದಲ್ಲವೇ?

ಪಾಪು ನಿದ್ದೆಯಲ್ಲಿ ತುಟಿ ಆಡಿಸುತ್ತಿದ್ದಾಳೆ. ಅವಳದು ನಿನ್ನದೇ ಮೂಗು, ಈಗೀಗ ಎಲ್ಲರೂ ಹೇಳುತ್ತಾರೆ.

ರಸ್ತೆಯ ಈಚೆ ಬದಿಯಿಂದ,
ನಿನ್ನ ಗುಬ್ಬಚ್ಚಿ

ಮರೆತದ್ದು: ಮರೆತಿರಲಿಲ್ಲ. ಕಾಗದ ಮಡಚಿ ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಬಂದು ಕೂತಿದ್ದೇನೆ. ನಾನು ಆಚೆ ನೋಡಲಿಲ್ಲ, ಅಕ್ಕಾ. ಯಂತ್ರ ಓಡುವಾಗ ಕಣ್ಣು ತೆಗೆಯಬೇಡ, ಮಗು ಅತ್ತರೂ ಮೊದಲು ಗುಂಡಿ ಒತ್ತು, ಆಮೇಲೆ ಏಳು ಎಂದಿದ್ದೆ. ನಾನು ಎದ್ದೇ ಇರಲಿಲ್ಲ. ಕುರ್ಚಿಯಲ್ಲೇ ಇದ್ದೆ, ಕನ್ನಡಕವೂ ಮೂಗಿನ ಮೇಲೇ ಇತ್ತು, ಯಂತ್ರದ ಕಡೆಗೇ ಮುಖ ಮಾಡಿ ನಿದ್ದೆಹೋಗಿದ್ದೆ. ಪಾಪುವಿಗೆಂದು ಹಾಡಿದ ಪಂಪು ನನ್ನನ್ನೂ ಮಲಗಿಸಿತು. ಅದರ ನಳಿಗೆ ಯಾವಾಗ ಕಳಚಿತೋ, ಗುಂಯ್‌ಗುಡುವುದು ಯಾವಾಗ ಬುಸ್ಸೆಂದಿತೋ ತಿಳಿಯದು. ಸದ್ದು ಬದಲಾದದ್ದಕ್ಕೇ ಇರಬೇಕು, ಪಾಪು ಎದ್ದು ಕಿರುಚಿದಳು. ಕಣ್ಣು ಬಿಟ್ಟರೆ ನಮ್ಮ ಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಒಂದು ಗಳಿಗೆ ಎಷ್ಟು ಚೆಂದ ಎಂದುಕೊಂಡೆ. ಆಮೇಲೆ ಅದು ಬೆಂಕಿ ಎಂದು ಹೊಳೆಯಿತು. ಪಾಪುವಿಗೆ ಏನೂ ಆಗಿಲ್ಲ.

ಕೂತಲ್ಲಿ ನಿದ್ದೆ ಹೋಗುವುದು ಇದೇ ಮೊದಲಲ್ಲ. ಅವಳನ್ನು ಎತ್ತಿಕೊಂಡು ನಿಂತಾಗಲೂ ಕಣ್ಣು ಎಳೆಯುತ್ತದೆ. ಹಾಸಿಗೆಗೆ ಬಿದ್ದರೆ ಮಾತ್ರ ಬರುವುದಿಲ್ಲ.

ಇವರನ್ನು ಎಬ್ಬಿಸಿ ಹೇಳಲು ಎರಡು ಸಲ ಭುಜ ಮುಟ್ಟಿದೆ. ನನ್ನ ಕೈಯನ್ನೇ ತಲೆಯ ಕೆಳಗೆ ಎಳೆದುಕೊಂಡು ಮಲಗಿದರು. ನೀನಿಲ್ಲಿಗೆ ಬರಬೇಡ, ನಿನ್ನ ಮುಖ ಕಂಡರೆ ಮತ್ತೆ ನಕ್ಕು ಏನಾದರೂ ಹೇಳಿ ಮುಚ್ಚಿಬಿಡುತ್ತೇನೆ. ಫೋನ್ ಮಾಡು. ಇವರ ನಂಬರಿಗೇ ಮಾಡು. ಹೋಗಬೇಡಿ ಎನ್ನಬೇಡ. ಆ ಕಿಟಕಿ ಯಾಕೆ ದೊಡ್ಡದು ಎಂದು ಅವಳನ್ನು ಇನ್ನೊಮ್ಮೆ ಕೇಳಿ ಎಂದಷ್ಟೇ ಹೇಳು. ಗಾಡಿ ಬರುವ ಮೊದಲು, ಬೆಳಗಾಗುವ ಮೊದಲು ಮಾಡು, ಅಕ್ಕಾ. ಪಾಪು ಎದ್ದರೆ ಏಳಲಿ.