ಅಂಗಳದಲ್ಲಿ ಆಡಬಾರದ ಮಾತು

ನನ್ನ ಹಿಸನೊ ಅಕ್ಕನಿಗೆ,

ಪೊಟ್ಟಣ ಬಿಚ್ಚಿದ ಕೂಡಲೇ ನಿನ್ನ ಕೈಗೆ ಸಿಕ್ಕಿದ್ದು ಬಿಳಿ ಬಟ್ಟೆಯಲ್ಲಿ ಸುತ್ತಿದ ಕರಡಿಯ ಒಣ ಕರುಳು ಅಲ್ಲವೇ? ನಮ್ಮಿಬ್ಬರನ್ನು ಹೆರುವಾಗ ಅಮ್ಮ ಹೊಟ್ಟೆಗೆ ಕಟ್ಟಿಕೊಂಡಿದ್ದು ಅದನ್ನೇ. ಕರಡಿ ಗವಿಯೊಳಗೆ ಮಂಪರಿನಲ್ಲೇ ಹೆರುತ್ತದೆ, ನರಳುವುದಿಲ್ಲ, ಅದರ ಕರುಳು ಕಟ್ಟಿಕೊಂಡವಳಿಗೂ ಬೇನೆ ಹಗುರ ಎಂಬುದು ಅವಳ ನಂಬಿಕೆ. ಅದರ ಕೆಳಗೆ ಹೊಗೆ ಹಾಕಿದ ಮೂಲಂಗಿ, ನೀನು ಬಯಸಿದ್ದು. ಅದರ ಕೆಳಗೆ ಈ ಪತ್ರ. "ಎರಡು ಸಾಲು ಬರಿಯೋ ತೊಕಿಯಾ, ಎಲ್ಲಾ ಚೆನ್ನಾಗಿದೆ, ದಾರಿ ಕಾಯ್ತಾ ಇದೀವಿ, ಬೇಗ ಬಾ ಅಂತ" ಎಂದು ಅಮ್ಮ ಹೇಳಿದಳು. ನಾನು ಬರೆಯುತ್ತಿರುವುದು ಬೇರೆ.

ಅಕ್ಕಾ, ಹೆರಿಗೆಗೆ ಈ ಸಲ ತವರಿಗೆ ಬರಬೇಡ.

ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ. ಅಮ್ಮ ಪಕ್ಕದಲ್ಲೇ ಕೂತು ಕಿವಿ ಕೊಟ್ಟಿರುತ್ತಾಳೆ. ಹೈಸ್ಕೂಲು ಬಿಟ್ಟವನು ಇಷ್ಟುದ್ದ ಬರೆಯುತ್ತಾನೆಂದು ನೀನು ನಗಬಹುದು, ನಗು. ಆದರೆ ನಿನ್ನನ್ನು ಹೆದರಿಸಲು ಒಂದು ಸಾಲನ್ನೂ ಸೇರಿಸಿಲ್ಲ. ನಮ್ಮ ಕೇರಿಯಲ್ಲಿ ಇನ್ನೂ ಯಾರೂ ಸತ್ತಿಲ್ಲ, ಯಾರಿಗೂ ಗಾಯವಾಗಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷದಿಂದ ನಾನು ಮಾಡುತ್ತಿರುವ ಕೆಲಸ ನಿನಗೆ ಗೊತ್ತು. ಬೆಟ್ಟದ ಬುನಾ ಮರಗಳ ಕೆಳಗೆ ಕಟ್ಟಿರುವ ಬಲೆಗಳಲ್ಲಿ ಬಿದ್ದ ಬೀಜಗಳನ್ನು ಬಾಚಿ ತಂದು ಅರಣ್ಯದ ಆಫೀಸಿನ ಮೇಡಂಗೆ ಕೊಡುವುದು. ಒಂದೆಡೆ ಕೂತು ಮಾಡುವ ಯಾವ ಕೆಲಸವೂ ನನಗೆ ಒಗ್ಗಲಿಲ್ಲ, ಇದು ಒಗ್ಗಿತು. ಹೋದ ಶರತ್ಕಾಲದಲ್ಲಿ ಬಲೆಗಳು ಭಾರಕ್ಕೆ ಜೋತು ನೆಲ ಮುಟ್ಟಿದ್ದವು. ನಡೆದರೆ ಕಾಲಡಿ ಬೀಜ ಚಟಚಟ ಎನ್ನುತ್ತಿತ್ತು. ಕರಡಿಗಳು ತಿಂದು ತಿಂದು ಓಡಲಾಗದಷ್ಟು ಕೊಬ್ಬಿದ್ದವು. ಆ ಚಳಿಗಾಲ ಗವಿಗಳಲ್ಲಿ ಹೆತ್ತ ಹೆಣ್ಣುಗಳು ಈ ವಸಂತದಲ್ಲಿ ಹಿಮ ಕರಗುವಾಗ ಮರಿಗಳ ಸಮೇತ ಹೊರಬಂದವು. ಅಪ್ಪ ಬೆಟ್ಟದಿಂದ ಇಳಿದು ಬಂದು, "ಯಾವ ಹೆಣ್ಣನ್ನ ನೋಡಿದ್ರೂ ಹಿಂದೆ ಜೋಡಿ ಮರಿ ಕಣೇ. ಒಂದಕ್ಕಂತೂ ಮೂರು! ಬೆಟ್ಟದಮ್ಮ ಈ ವರ್ಷ ಮಡಿಲು ತುಂಬಿಸ್ಕೊಂಡಿದಾಳೆ" ಎಂದು ಅಮ್ಮನಿಗೆ ಹೇಳಿ ಖುಷಿಗೆ ಒಂದು ಬಟ್ಟಲು ಸಾಕೆ ಮದ್ಯ ಕುಡಿದ. ಅದೇ ವಾರ ನೀನು ಬಸಿರೆಂದು ಫೋನ್ ಮಾಡಿದೆ. ಅಪ್ಪ ಮತ್ತೆ ಕುಡಿದ.

ಆಮೇಲೆ ಬುನಾ ಹೂ ಬಿಡಲಿಲ್ಲ. ಮೇ ತಿಂಗಳು ಪೂರ್ತಿ ನಾನು ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದೆ, ಎಲೆ ಬಿಟ್ಟರೆ ಏನಿಲ್ಲ. ಈಗ ಬಲೆಗಳಲ್ಲಿ ಸಿಗುವುದು ಪುಳ್ಳೆ, ಹುಳ, ಒಣಗಿದ ಎಲೆ. ಒಂದು ಒಳ್ಳೆಯ ವರ್ಷದ ಬೆನ್ನಿಗೆ ಮರಗಳೆಲ್ಲ ಒಟ್ಟಿಗೆ ಕೈ ಮುಚ್ಚುವುದು ಹೊಸದೇನಲ್ಲವಂತೆ. ಮೇಡಂ ಇನ್ನೊಂದು ಮಾತು ಹೇಳಿದರು. ಕರಡಿ ಬೇಸಿಗೆಯಲ್ಲೇ ಕೂಡುತ್ತದೆ, ಆದರೆ ಬಸಿರು ಒಡಲಿಗೆ ಅಂಟುವುದಿಲ್ಲ, ಸಾಸಿವೆ ಕಾಳಿಗಿಂತ ಸಣ್ಣದಾಗಿ ಒಳಗೆ ತೇಲುತ್ತಾ ಕಾಯುತ್ತದೆ. ಚಳಿಗೆ ಮುಂಚೆ ತಾಯಿ ಕೊಬ್ಬಿದರೆ ಅಂಟಿಕೊಂಡು ಬೆಳೆಯುತ್ತದೆ, ಇಲ್ಲವಾದರೆ ಕರಗಿಹೋಗುತ್ತದೆ. "ತಾಯಿಗೆ ಗೊತ್ತಾಗುತ್ತಾ?" ಎಂದು ಕೇಳಿದೆ. "ಹಸಿವು ಗೊತ್ತಾಗುತ್ತೆ" ಎಂದರು. ಈ ವರ್ಷ ಬೆಟ್ಟದ ತುಂಬ ಅಂಥ ಹೆಣ್ಣುಗಳಿವೆ ಅಕ್ಕಾ. ಹೋದ ಸಲ ಹೆತ್ತವುಗಳ ಬೆನ್ನಿಗೆ ಮರಿಗಳಿವೆ. ತಿನ್ನಲು ಮಾತ್ರ ಇಲ್ಲ. ತಿನ್ನಲು ಇರುವುದು ಕೆಳಗೆ, ನಮ್ಮಲ್ಲಿ.

ಅವು ಇಳಿಯುತ್ತಿವೆ. ಆಗಸ್ಟಿನಲ್ಲಿ ಕಿನು ಅಜ್ಜಿಯ ಕೊಟ್ಟಿಗೆಯ ಬಾಗಿಲು ಕಿತ್ತು ತೌಡಿನ ಪೀಪಾಯಿ ಹೊರಗೆಳೆದು ನೆಕ್ಕಿ ಹೋದವು. ಅಜ್ಜಿ ಒಡೆದ ಬಾಗಿಲಿನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತು, "ನನ್ನ ಗಂಡ ಹೋದ ಮೇಲೆ ಈ ಬಾಗಿಲು ಇಷ್ಟು ಜೋರಾಗಿ ಬಡಿದ ಗಂಡಸು ಇವನೊಬ್ಬನೇ" ಎಂದಳು. ಎಲ್ಲರೂ ನಕ್ಕರು. "ಗಂಡಸಲ್ಲ ಕಿನು, ಮಕ್ಕಳ ತಾಯಿ" ಎಂದು ಅಪ್ಪ ಮಣ್ಣಿನ ಮೇಲಿನ ಸಣ್ಣ ಹೆಜ್ಜೆಗಳನ್ನು ತೋರಿಸಿದಾಗ ನಗು ನಿಂತಿತು. ಈಗ ಅಜ್ಜಿ ಹಗಲಲ್ಲೂ ಬಾಗಿಲಿಗೆ ಮರದ ಅಡ್ಡ ಕೊಟ್ಟುಕೊಂಡು ಕೂರುತ್ತಾಳೆ. ತೋಟಕ್ಕೆ ಹೋಗುವಾಗ ಪಾತ್ರೆ ಬಡಿಯುತ್ತಾಳೆ. ಮೊದಮೊದಲು ಪಾತ್ರೆಯ ಸದ್ದಿಗೆ ಅವು ಓಡುತ್ತಿದ್ದವು. ಈಗ ತಲೆ ಎತ್ತಿ ನೋಡುತ್ತವೆ ಅಷ್ಟೇ.

ಕೇರಿಯಲ್ಲಿ ಈಗ ಉಳಿದಿರುವುದು ಅಪ್ಪನ ಬಂದೂಕು ಒಂದೇ. ನೀನು ನಮ್ಮ ಮನೆಗೆ ಬಂದು ಹೆತ್ತರೆ ಏನಾಗುತ್ತದೆ ಹೇಳು. ಪೇಟೆಯ ಆಸ್ಪತ್ರೆಯಲ್ಲೇ ಹೆತ್ತು ಮಗುವನ್ನು ಮನೆಗೆ ತಂದರೂ ಅಪ್ಪನಿಗೆ ಪುರುಡು ಪುರುಡೇ. ಪುರುಡಿನ ಮನೆಯಲ್ಲಿ ಅಪ್ಪನಂಥ ಮಾತಗಿ ಬೇಟೆಗಾರ ಬಂದೂಕು ಮುಟ್ಟುವಂತಿಲ್ಲ, ಬೆಟ್ಟದ ಕಡೆ ಹೆಜ್ಜೆ ಇಡುವಂತಿಲ್ಲ. ನಾನು ಹುಟ್ಟಿದಾಗ ವಾರಗಟ್ಟಲೆ ಅಪ್ಪ ಜಗುಲಿಯಲ್ಲಿ ಕೂತು ಹಿಮ ನೋಡುತ್ತಿದ್ದನಂತೆ, ಅಮ್ಮ ಈಗಲೂ ಹೇಳಿ ರೇಗಿಸುತ್ತಾಳೆ. ಆಗ ಬೇರೆ ಬಂದೂಕುಗಳಿದ್ದವು. ನಿನಗೆ ದಿನ ತುಂಬುವುದು ಅಕ್ಟೋಬರ್ ಕೊನೆಗೆ, ಕರಡಿಗಳು ಗವಿ ಸೇರುವ ಮುನ್ನ ಹುಚ್ಚೆದ್ದು ತಿನ್ನುವ ಹೊತ್ತಿಗೆ.

ಇದನ್ನು ಊಟಕ್ಕೆ ಕೂತಾಗ ಅಪ್ಪನ ಎದುರೇ ಕೇಳಿದೆ. "ಅಕ್ಕ ಹೆತ್ತ ಮೇಲೆ ಕರಡಿ ಬಂದ್ರೆ ಪುರುಡು ಮುರಿದು ಬಂದೂಕು ಹಿಡೀತೀಯಾ?"

"ಬಾಯ್ಮುಚ್ಚೋ" ಎಂದಳು ಅಮ್ಮ. "ಹುಡುಗಿ ಮೊದಲ ಹೆರಿಗೆಗೆ ತವರಿಗೆ ಬರೋದಕ್ಕೆ ಕರಡೀನ ಕೇಳ್ಬೇಕಾ? ಸೆಂದಾಯ್‌ನಲ್ಲಿ ಅವಳಿಗೆ ಗಂಜಿ ಮಾಡಿಕೊಡೋರು ಯಾರಿದಾರೆ?"

"ರ್ಯೋಗೊ ಭಾವ ಇದಾನಲ್ಲ."

"ಅವನಿಗೆ ಅನ್ನಕ್ಕೆ ನೀರೆಷ್ಟು ಅಂತ ಗೊತ್ತಿಲ್ಲ."

ಅಪ್ಪ ಚಾಪ್‌ಸ್ಟಿಕ್ ಕೆಳಗಿಟ್ಟು ಹೊರಗೆ ಹೋದ. ನಿನ್ನನ್ನು ನೋಡುವ ಆಸೆ ಅವನಿಗೆ ಅಮ್ಮನಿಗಿಂತ ಹೆಚ್ಚು. ನಿನ್ನ ಕೋಣೆಯ ಚಾಪೆ ಬದಲಿಸಿದ್ದು, ಕಿಟಕಿಗೆ ಹೊಸ ಕಾಗದ ಅಂಟಿಸಿದ್ದು ಅವನೇ. ಅದನ್ನೂ ಹೇಳಬೇಕು, ಹೇಳದಿದ್ದರೆ ಅರ್ಧ ಸುಳ್ಳಾಗುತ್ತದೆ.

ಇನ್ನು ಮೊನ್ನೆಯ ಸಂಜೆ. ಇದಕ್ಕಾಗಿಯೇ ಈ ಪತ್ರ.

ನೀನು ಚಿಕ್ಕವಳಿದ್ದಾಗ ಅಡುಗೆಮನೆಯಲ್ಲಿ ಕೂತು "ಇತಾಜು ಬಂತು, ಇತಾಜು ಬಂತು" ಎಂದು ನನ್ನನ್ನು ಹೆದರಿಸಿದ್ದು ನೆನಪಿದೆಯಾ? ಎಲ್ಲಿಂದ ಕದ್ದು ಕೇಳಿದ್ದೆಯೋ. ಅಪ್ಪ ಎದ್ದು ಬಂದು ನಿನ್ನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವಂತೆ ಮಾಡಿದ. "ಅದು ಬೆಟ್ಟದ ಮಾತು. ಊರಲ್ಲಿ ಕರಡಿ ಅನ್ನು. ಬೆಟ್ಟದ ಮಾತು ಊರಲ್ಲಿ ಆಡಬಾರದು, ಊರಿನ ಮಾತು ಬೆಟ್ಟದಲ್ಲಿ ಆಡಬಾರದು" ಎಂದ. ಅಪ್ಪ ನಮ್ಮಿಬ್ಬರಲ್ಲಿ ಯಾರ ಮೇಲಾದರೂ ಕೈ ಮಾಡಿದ್ದು ಅದೊಂದೇ ಸಲ. ಎಲ್ಲಿಂದ ಬೆಟ್ಟ ಶುರುವೋ ಅಲ್ಲಿಂದ ಆ ಮಾತು. ಸೇತುವೆಯಾಚೆ ಬೆಟ್ಟದಮ್ಮನ ಕಲ್ಲು ದಾಟಿದ ಮೇಲೆಯೇ ಅವನು ನಾಲಿಗೆ ಬದಲಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಮೊನ್ನೆ ಇನ್ನೂ ಬೆಳಕಿತ್ತು. ಅಮ್ಮ ನಿನ್ನ ಹಾಸಿಗೆಯನ್ನು ಬಿಸಿಲಿಂದ ಒಳಗೆ ತರಲು ಅಂಗಳಕ್ಕಿಳಿದಳು. ಅಂಗಳದ ಕಾಕಿ ಹಣ್ಣಿನ ಮರದಲ್ಲಿ ಕೊಂಬೆ ಮುರಿದ ಸದ್ದಾಯಿತು. ಕಾಯಿ ಇನ್ನೂ ಹಸಿರು, ಒಗರು, ಯಾವ ಪ್ರಾಣಿಯೂ ಮುಟ್ಟದು. ಮರದ ಮೇಲೆ ಎರಡು ಮರಿ ಕೂತು ಅದನ್ನೇ ಅಗಿಯುತ್ತಿದ್ದವು. ಕೆಳಗೆ ತಾಯಿ. ಪಕ್ಕೆಲುಬು ಎಣಿಸಬಹುದಿತ್ತು. ವಸಂತದಲ್ಲಿ ಅಪ್ಪ ಕಂಡಿದ್ದ ಮೂರು ಮರಿಗಳ ತಾಯಿ ಅದೇ, ಅವನು ಹೇಳಿದ್ದಂತೆಯೇ ಎದೆಯ ಬಿಳಿ ಗುರುತು ಒಂದು ಕಡೆ ಹರಿದಂತಿದೆ. ಮೂರನೆಯ ಮರಿ ಇರಲಿಲ್ಲ. ಅಮ್ಮ ಹಾಸಿಗೆಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು. ಅದು ಅಮ್ಮನನ್ನು ನೋಡಿತು. ಓಡಲಿಲ್ಲ.

ಅಪ್ಪ ಬಾಗಿಲಲ್ಲಿ ಬಂದೂಕು ಎತ್ತಿ ಹಿಡಿದಿದ್ದ. ಮರಿ ಇರುವ ತಾಯಿಗೆ ಮಾತಗಿ ಗುಂಡು ಹಾರಿಸುವುದಿಲ್ಲ. ಹಾರಿಸಲಿಲ್ಲ. ತೀರಾ ಮೆಲ್ಲಗೆ, ಬೆಟ್ಟದಲ್ಲಿ ನನಗೆ ಹೇಳುವ ದನಿಯಲ್ಲಿ, "ಇತಾಜು" ಎಂದ. "ಹೆಂಗಸರು ಇಲ್ಲಿರಬಾರದು. ಹಿಂದಕ್ಕೆ ಬಾ."

ನಮ್ಮ ಅಂಗಳದಲ್ಲಿ ಅಕ್ಕಾ. ಬಟ್ಟೆ ಒಣಹಾಕುವ ಗಳುವಿನ ಕೆಳಗೆ.

ಅಮ್ಮ ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ಬಂದಳು. ಕರಡಿಗಳು ಅವಸರವಿಲ್ಲದೆ ಕತ್ತಲಾಗುವವರೆಗೂ ತಿಂದು ಹೋದವು. ಅಪ್ಪ ಒಳಗೆ ಬಂದು ಒಲೆಯ ಪಕ್ಕ ಕೂತ. ನಾನು ಬಟ್ಟಲಲ್ಲಿ ಉಪ್ಪುನೀರು ತಂದು ಅವನ ಮುಂದಿಟ್ಟೆ. ನೋಡಿದ. ಬಾಯಿ ಮುಕ್ಕಳಿಸಲಿಲ್ಲ. ಬಟ್ಟಲು ಬೆಳಗಿನವರೆಗೂ ಹಾಗೇ ಇತ್ತು.

ಅಮ್ಮ ಅದನ್ನು ಬಾಯಿತಪ್ಪಿ ಬಂದ ಮಾತು ಎನ್ನುತ್ತಾಳೆ. ಅಪ್ಪನ ಬಾಯಿ ತಪ್ಪುವುದಿಲ್ಲ, ನಿನಗೂ ಗೊತ್ತು. ಎಲ್ಲಿ ನಿಂತಿದ್ದೇನೆಂದು ತಿಳಿದೇ ಆಡಿದ ಮಾತು ಅದು. ಬೆಟ್ಟದಮ್ಮನ ಗಡಿ ಈಗ ಸೇತುವೆಯಾಚೆ ಇಲ್ಲ, ನಮ್ಮ ಹೊಸ್ತಿಲಿಗೆ ಬಂದಿದೆ. ಅವಳ ನೆಲದಲ್ಲಿ ಹೆಂಗಸರೇ ಕಾಲಿಡುವಂತಿಲ್ಲ, ಬಸುರಿಗೆ ಜಾಗವಿಲ್ಲ, ಬಾಣಂತಿಗೆ ಮೊದಲೇ ಇಲ್ಲ. ನಿನ್ನೆ ಅಪ್ಪನನ್ನು ನೇರವಾಗಿ ಕೇಳಿದೆ, "ಅಕ್ಕ ಬರೋದಾ, ಬೇಡವಾ?" ಬಂದೂಕು ಒರೆಸುತ್ತಾ ತಲೆ ಎತ್ತದೆ, "ನಿನ್ನಮ್ಮ ಪೊಟ್ಟಣ ಕಟ್ತಾ ಇದಾಳಲ್ಲ. ಅದರೊಳಗೆ ನೀನೂ ಏನಾದ್ರೂ ಇಡು" ಎಂದ. ಅಷ್ಟೇ. ಮಗಳಿಗೆ ಬರಬೇಡವೆಂದು ಹೇಳಲು ಅವನಿಂದಾಗದು.

ಅಮ್ಮನನ್ನು ಒಪ್ಪಿಸಿ ನಾನೇ ಸೆಂದಾಯ್‌ಗೆ ಕರೆತರುತ್ತೇನೆ. ಗಂಜಿ ಅವಳು ಅಲ್ಲೇ ಮಾಡಲಿ, ಭಾವನಿಗೆ ಅನ್ನಕ್ಕೆ ನೀರಿಡುವುದನ್ನೂ ಕಲಿಸಲಿ. ಅವಳನ್ನು ಬಿಟ್ಟು ನಾನು ಹಿಂದಿರುಗುತ್ತೇನೆ. ಇಲ್ಲಿ ಅಪ್ಪ ಒಬ್ಬನೇ ಆಗಬಾರದು. ಕರಡಿಗಳು ದಿನಾ ಸಂಜೆ ಕೇರಿಗೆ ಬರುತ್ತಿವೆ. ಇವತ್ತು ಇನ್ನೂ ಬಂದಿಲ್ಲ. ಕಿನು ಅಜ್ಜಿಯ ಪಾತ್ರೆಯ ಸದ್ದೂ ಇಲ್ಲ. ಅಪ್ಪ ನೋಡಿ ಬರಲು ಹೋಗಿದ್ದಾನೆ, ಅವನು ಬಂದ ಮೇಲೆ ಪೊಟ್ಟಣ ಮುಚ್ಚುತ್ತೇನೆ.

ಆ ಕರುಳನ್ನು ದಾರಿಯಲ್ಲಿ ಹೊಟ್ಟೆಗೆ ಕಟ್ಟಿಕೊಂಡು, ಬರುವಾಗ ವಾಪಸು ತರಲು ಅಮ್ಮ ಚೀಟಿಯಲ್ಲಿ ಬರೆದಿದ್ದಾಳೆ. ತರಬೇಡ. ಅಲ್ಲೇ ಕಟ್ಟಿಕೋ. ಮಂಪರಿನಲ್ಲಿ ಹೆತ್ತಷ್ಟು ಹಗುರವಾಗಿ ಹೆರು, ಮಗುವಿನ ಹೊಟ್ಟೆ ಎಂದೂ ಖಾಲಿಯಾಗದಿರಲಿ. ಅದಕ್ಕೆ ಮಾತು ಬಂದ ಮೇಲೆ ಕರಡಿ ಎಂಬ ಊರಿನ ಪದವನ್ನಷ್ಟೇ ಕಲಿಸು.

ನಿನ್ನನ್ನು ಬಾ ಎನ್ನಲಾಗದ ತಮ್ಮ,
ತೊಕಿಯಾ