ಕೆಂಪಾಗುವ ಮೊದಲೇ

ಹಾಲೇಶ,

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ನಾಗೇಶನನ್ನು ಗುದ್ದಲಿ ಕಾವಿನಿಂದ ಹೊಡೆದೆ. ಅವನ ಮುಂಗೈ ಮುರಿಯಿತು. ನೆಲಕ್ಕೆ ಬಿದ್ದ ಮೇಲೂ ಹೊಡೆದೆ.

ನೀನು ಸಾಯುವ ಮೊದಲು ಕೊಟ್ಟ ದೊಣ್ಣೆ ಮೆಣಸಿನಕಾಯಿ ಬೀಜದಲ್ಲಿ ಉಳಿದಿದ್ದನ್ನೆಲ್ಲ ಈ ಸಲ ಹಾಕಿದ್ದೆ. ಚಳಿಗೆ ಹೆದರಿ ಸಸಿಗಳನ್ನು ಒಲೆಯ ಪಕ್ಕ ಬೆಳೆಸಿ, ಆಮೇಲೆ ಕಾಗದನಗರದ ಈ ಹಿತ್ತಲಲ್ಲಿ ನೆಟ್ಟು, ನೀನು ಹೇಳಿದಂತೆ ಮೊದಲ ಹೂವನ್ನು ಚಿವುಟಿದ್ದೆ. ಮುಷ್ಟಿಗಿಂತ ದೊಡ್ಡ ಕಾಯಿಗಳು ಆಗಷ್ಟೇ ಕೆಂಪು ತಿರುಗುತ್ತಿದ್ದವು. ಪೂರ್ತಿ ಹಣ್ಣಾಗದೆ ಬೀಜ ಬಲಿಯುವುದಿಲ್ಲ. ನಾಗೇಶ ಬೇಲಿ ದಾಟಿ ಬಂದು ಒಂದನ್ನೂ ಬಿಡದೆ ಕಿತ್ತಿದ್ದ.

"ಕೆಂಪಾದ್ರೆ ಯಾರ್ ತಿಂತಾರೆ ಸಾರ್? ಹಾಳಾಗ್ತವೆ ಅಂತ ಬಜ್ಜಿಗೆ ಕಿತ್ಕೊಂಡೆ. ನಿಮ್ಗೂ ಒಂದ್ ಪ್ಲೇಟ್ ಕಳಿಸ್ತೀನಿ ಬಿಡಿ," ಎಂದು ನಕ್ಕ.

ಅವನ ಹೆಂಡತಿ ಪುಷ್ಪಾ ಓಡಿಬಂದು ಅಡ್ಡ ನಿಂತಳು. "ಇಷ್ಟೆಲ್ಲ ಓದ್ಕೊಂಡೋರು, ಮೆಣಸಿನಕಾಯಿಗೆ ಮನುಷ್ಯನ್ನ ಸಾಯಿಸ್ತೀರಾ?"

ಕಾವು ಕೈಬಿಟ್ಟೆ.

ಅಂದು, ನಮ್ಮ ಕಾರ್ಖಾನೆಯ ಯೂನಿಯನ್ ಚುನಾವಣೆಯ ಮರುದಿನ, ಹಳೇನಗರದ ಸೇತುವೆಯ ಮೇಲೆ ನಾಲ್ವರು ನಿನ್ನನ್ನು ಕೆಡವಿ ತುಳಿಯುತ್ತಿದ್ದಾಗ ನನ್ನ ಕೈಯಲ್ಲಿ ಮರದ ಹಿಡಿಯ ಕೊಡೆಯಿತ್ತು. ಅದನ್ನು ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದು ಮನೆಗೆ ಬಂದಿದ್ದೆ.

ಆ ಮಾತನ್ನು ನೀನು ಎಂದೂ ಎತ್ತಲಿಲ್ಲ. ಬೀಜವನ್ನೂ ನನಗೇ ಕೊಟ್ಟೆ.