ತಾತನ ಕುರಿ ಲೆಕ್ಕ, ಮಿರಗದ ದೂರ

ರಾಯಚೂರು, 12-2-1984

ತಾತನಿಗೆ ಹನುಮಂತ್ರಾಯನ ಶರಣು. ತಂಗಿ ಆದೆಮ್ಮ, ತಾತನಿಗೆ ಕೇಳುವಂತೆ ಗಟ್ಟಿಯಾಗಿ ಓದು.

ತಾತಾ, ನೀನು ಗೆದ್ದೆ! ಇಂದು ಇಲ್ಲಿಯ ಕಾಲೇಜಿನಲ್ಲಿ ವಿಜ್ಞಾನಿಯೊಬ್ಬರ ಭಾಷಣ ಕೇಳಿದೆ. ನೀನು ಆಕಾಶದಲ್ಲಿ ತೋರಿಸುತ್ತಿದ್ದ ಮಿರಗದ, ಅವರ ಮಾತಿನಲ್ಲಿ ಮೃಗಶಿರದ, ಚುಕ್ಕೆಗಳ ಹತ್ತಿರ ಒಂದು ಮೋಡದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆಯಂತೆ. ಅಲ್ಲಿ ಮೇಸರ್ ಎಂಬ ನೀರಾವಿಯ ತುಣುಕುಗಳು ರೇಡಿಯೋ ಅಲೆ ಸೂಸುತ್ತ ಚದುರುತ್ತಿವೆ. ಅವುಗಳ ನಿಜವಾದ ವೇಗ ಆ ಅಲೆಯಿಂದಲೇ ತಿಳಿಯುತ್ತದೆ. ಇಲ್ಲಿಂದ ಎಷ್ಟು ನಿಧಾನ ಸರಿದಂತೆ ಕಾಣುತ್ತವೆ ಎಂದು ಅಳೆದು ದೂರ ಹೇಳುತ್ತಾರೆ.

ನಾನು ಎದ್ದು ನಿಂತು, "ಸರ್, ನಮ್ ತಾತ ಕುರಿ ಎಷ್ಟು ನಿಧಾನ ಸರೀತಾವಂತ ನೋಡಿ, ಎಷ್ಟು ದೂರ ಅದಾವಂತ ಹಿಂಗs ಹೇಳ್ತಾನ್ರಿ!" ಎಂದೆ. ಎಲ್ಲರೂ ನಕ್ಕರು. ವಿಜ್ಞಾನಿ ಮಾತ್ರ ನಗಲಿಲ್ಲ. "ಕುರಿಯ ನಡಿಗೆ ಗೊತ್ತಿದ್ದವರ ಲೆಕ್ಕವೇ ನಮ್ಮದೂ" ಎಂದರು. ಆ ಮೋಡ ಬೆಳಕಿಗೇ ಒಂದೂವರೆ ಸಾವಿರ ವರ್ಷದ ದಾರಿ!

ನನ್ನ ಜ್ವರ ಬಿಟ್ಟಿದೆ. "ಕುರಿ ಕಾಯೋರಿಗೆ ಏಳನೇ ಕ್ಲಾಸ್ ಸಾಕು" ಎಂದು ಅಪ್ಪ ಆದೆಮ್ಮನ ಶಾಲೆ ಬಿಡಿಸಲು ಹೊರಟಿದ್ದಾನಲ್ಲ, ಈ ಕಾರ್ಡನ್ನು ಅವನ ಎದುರಿಗೆ ಇನ್ನೊಮ್ಮೆ ಓದಿಸು. ಕುರಿ ಕಾಯುವವರ ಲೆಕ್ಕ ಎಲ್ಲಿಯವರೆಗೆ ಮುಟ್ಟುತ್ತದೆಂದು ಅವನೂ ಕೇಳಲಿ.

ಆದೆಮ್ಮ, ಅಪ್ಪನ ಎದುರು ಓದುವಾಗ ಈ ಸಾಲುಗಳನ್ನು ನುಂಗಬೇಡ.